ಬಿಚ್ಚದ ಗಂಟು

ಜಮಖಂಡಿಯ ಕಾಲೇಜಿನಲ್ಲಿ ನಮಗೆ ಜೀವರಸಾಯನ ಕಲಿಸಿದ ಸರ್ ಬೋರ್ಡಿಗಿಂತ ಪೈಜಾಮದ ಲಾಡಿಯನ್ನೇ ಹೆಚ್ಚು ನಂಬಿದ್ದರು. ಜುಬ್ಬಾದ ಕಿಸೆಯಿಂದ ಒಂದು ಹಳೆಯ ಲಾಡಿ ತೆಗೆದು, ಗಂಟು ಹಾಕಿ, ನಮ್ಮ ಮೂಗಿನ ಮುಂದೆ ಆಡಿಸುತ್ತಿದ್ದರು.

"ಇದ ನೋಡ್ರೀ ಪೆಪ್ಟೈಡ್, ಪ್ರೋಟೀನಿನ ಸಣ್ಣ ಸರಪಳಿ. ಜೇಡದ ವಿಷದಾಗೂ ಇಂಥಾ ಗಂಟ, ಬೇಲಿ ಮ್ಯಾಗಿನ ಶಂಖಪುಷ್ಪದಾಗೂ ಇಂಥಾ ಗಂಟ. ಹೊಟ್ಟಿಗೆ ಹೋದ್ರೂ ಲಗೂನ ಬಿಚ್ಚೂದಿಲ್ಲ. ನಾಳೆ ಇದರಿಂದನ ಗುಳಿಗಿ ಆದೀತು. ಗಂಟ ಗಟ್ಟಿ ಇರಬೇಕ್ರೀ!"

ಕ್ಯಾಂಟೀನಿನಲ್ಲಿ ಇದನ್ನೇ ನಕಲು ಮಾಡಿ ನಾನು ಪುಕ್ಕಟೆ ಚಹಾ ಕುಡಿಯುತ್ತಿದ್ದೆ.

ಒಂದು ದಿನ ಅವರು ಆ ಲಾಡಿ ಮರೆತು ಬಂದರು. ಪಾಠ ನಿಲ್ಲಬಾರದಲ್ಲ, ಮೇಜಿನ ಹಿಂದೆ ಕುಳಿತು, ತೊಟ್ಟ ಪೈಜಾಮದ ಲಾಡಿಯನ್ನೇ ಪೂರ್ತಿ ಹೊರಗೆಳೆದು ಗಂಟು ಹಾಕಿದರು. ಅದು ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದರೂ ಬಿಚ್ಚಲಿಲ್ಲ; ಗಂಟು ಬಿಚ್ಚದೆ ಲಾಡಿಯನ್ನು ಪೈಜಾಮಕ್ಕೆ ಮರಳಿ ಪೋಣಿಸುವಂತಿರಲಿಲ್ಲ. ಅಷ್ಟರಲ್ಲಿ ಪ್ರಿನ್ಸಿಪಾಲರು ಅತಿಥಿಗಳನ್ನು ಕರೆದುಕೊಂಡು ವರಾಂಡದಲ್ಲಿ ಬರುವುದು ಕಾಣಿಸಿತು. ಇನ್ನು ಎದ್ದು ನಿಲ್ಲಲೇಬೇಕು.

"ಏ ನಕಲಿ ಸರ್, ನಿನ್ನ ಬೆಲ್ಟ ತಾ ಲೇ!" ಎಂದು ನನ್ನತ್ತ ಕೈ ಚಾಚಿದರು. ಕ್ಯಾಂಟೀನಿನ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತೆಂದು ಆಗ ತಿಳಿಯಿತು.

ನನ್ನ ಬೆಲ್ಟನ್ನು ಜುಬ್ಬಾದ ಮೇಲೆಯೇ ಬಿಗಿದು ಅವರು ಪೊಲೀಸರ ಹಾಗೆ ಎದ್ದು ನಿಂತರು. ಇಡೀ ಕ್ಲಾಸು ಎದ್ದಿತು. ಅಣ್ಣನ ಅಳತೆಯ ಪ್ಯಾಂಟು ತೊಟ್ಟಿದ್ದ ನಾನೊಬ್ಬ ಏಳಲಿಲ್ಲ.

"ಅಂವ ಯಾಕ ಕೂತಾನ್ರೀ?" ಎಂದರು ಪ್ರಿನ್ಸಿಪಾಲರು.

ಸರ್ ಕೈಯಲ್ಲಿದ್ದ ಗಂಟನ್ನು ಅವರ ಮೂಗಿನ ಮುಂದೆ ಆಡಿಸಿದರು.

"ಅದು ಗಂಟ ಇಲ್ಲದ ಪೆಪ್ಟೈಡ್ ರೀ. ಎಬ್ಬಿಸಿದ್ರ ಬಿಚ್ಚಿ ಹೋಗತೈತಿ."