ಮೇಣದಬತ್ತಿ ನೆಟ್ಟಗೆ ನಿಂತ ಮಧ್ಯಾಹ್ನ

೧೯೯೧ರ ಮೇ ೧೯, ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಗೋಡೆಯ ಗೂಡಿನಲ್ಲಿ ಮೇಣದಬತ್ತಿ ನೆಟ್ಟಗೆ ನಿಂತಿದೆ. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ ಬೇಸಿಗೆ ಕಳೆದವರು ಕೇಳುವುದಿಲ್ಲ.

ಕರೆಂಟು ಹೋದಾಗ ಬೇಕೆಂದು ಇಟ್ಟ ಬತ್ತಿ ಅದು. ಹೋದ ತಿಂಗಳೆಲ್ಲ ಮಧ್ಯಾಹ್ನವಾದರೆ ಸಾಕು, ತಲೆ ಬಾಗಿಸಿ ನನಗೆ ನಮಸ್ಕರಿಸುತ್ತಿತ್ತು. ಎಷ್ಟು ಗಂಟೆಗೆ ಬಾಗಿತೆಂದು ಬರೆದಿಡುವುದು ನನ್ನ ಚಟ. ಥರ್ಮಾಮೀಟರ್ ಇಲ್ಲದವನ ವಿಜ್ಞಾನ. ಲಿಂಗಸೂಗೂರಿನ ನಮ್ಮಜ್ಜನ ಮನೆಗೆ ಮೊಳದಪ್ಪ ಮಣ್ಣಿನ ಮಾಳಿಗೆ. ಬಿಸಿಲು ಅದನ್ನು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಈ ಕೋಣೆಯ ಸಿಮೆಂಟಿನ ಚಾವಣಿಗೆ ಅಂಥ ಸಂಕೋಚವಿಲ್ಲ. ಫ್ಯಾನ್ ಇದೆ, ಆದರೆ ಮುಂದಿನ ಭಾಗದಲ್ಲಿರುವ ಮನೆಯೊಡತಿ ಶರಣಮ್ಮನವರಿಗೂ ನಮಗೂ ಒಂದೇ ಮೀಟರ್. ಅದರ ಚಕ್ರ ಓಡಿದರೆ ಅವರು ಬಾಗಿಲಿಗೆ ಬರುತ್ತಿದ್ದರು: "ಬಿಸಿ ಗಾಳಿ ತಿರುವಾಕ ಯಾಕ ಕರೆಂಟ್ ಸುಡತಿ ತಮ್ಮಾ?" ಮಾತು ನಿಜವೇ ಇತ್ತು.

ಹೆರಿಗೆಗೆ ಮಸ್ಕಿಯ ತವರಿಗೆ ಹೋಗಿದ್ದ ನನ್ನ ಹೆಂಡತಿ ಗಿರಿಜಾ ಖಡಾಖಂಡಿತ ಹೇಳಿಬಿಟ್ಟಳು: "ಆ ರೊಟ್ಟಿ ಹಂಚಿನ ಕೆಳಗ ಕೂಸಿನ್ನ ಮಲಗಸಂಗಿಲ್ಲರೀ. ತಂಪು ಮಾಡ್ರಿ, ಬರತೀನಿ. ಇಲ್ಲಾಂದ್ರ ಮಳೆಗಾಲಕ್ಕ ನೋಡೂಣು."

ಮಗಳನ್ನು ಎತ್ತಿಕೊಳ್ಳಲು ಮಳೆಗಾಲದವರೆಗೆ ಕಾಯುವುದೇ? ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು ಚಾವಣಿಯ ಮೇಲೆಲ್ಲ ಹರಡಿದೆ. ಗಾಳಿಯೊಂದನ್ನು ಮರೆತಿದ್ದೆ. ಪಕ್ಕದಲ್ಲೇ ಒಣಗುತ್ತಿದ್ದ ಶರಣಮ್ಮನವರ ಹಸಿ ಸಂಡಿಗೆಗೆ ಹೊಟ್ಟೆಲ್ಲ ಹಾರಿ ಅಂಟಿಕೊಂಡಿತು. ಒಣಗಿದ ಮೇಲೆ ಕರಿದು, ತಟ್ಟೆ ತುಂಬ ನನ್ನ ಮುಂದಿಟ್ಟರು: "ನೀನ ಹಾರಿಸಿದ್ದು, ನೀನ ತಿನ್ನು." ತಿಂದೆ. ತಿನ್ನುತ್ತಲೇ ಚಾವಣಿಗೆ ಸುಣ್ಣ ಬಳಿಯಲು ಅಪ್ಪಣೆ ಕೇಳಿದೆ.

"ಸುಣ್ಣ ಹಾರಂಗಿಲ್ಲಲ್ಲ?"

"ಇಲ್ಲರೀ ಅವ್ವಾರ."

ದಪ್ಪಗೆ ಎರಡು ಸಲ ಬಳಿದೆ. ಮರುದಿನ ಬತ್ತಿ ಬಾಗಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಮಸ್ಕಿಯ ಬಸ್ಸು ಹತ್ತಿದೆ.

ಇವತ್ತು ಊಟದ ಹೊತ್ತಿಗೆ ಶರಣಮ್ಮ ಮೀಟರಿನ ಮುಂದೆ ನಿಂತು ಕೂಗಿದರು: "ತಮ್ಮಾ, ಚಕ್ರ ತಿರಗವಲ್ದು! ಮೀಟರ್ ಕೆಟ್ಟೈತೇನು ನೋಡು."

"ಫ್ಯಾನ್ ಹಾಕಿಲ್ಲರೀ" ಎಂದಳು ಗಿರಿಜಾ.

ನಂಬದೆ ಒಳಗೆ ಬಂದರು. ತಲೆಯೆತ್ತಿ, ತಿರುಗದೆ ನಿಂತಿದ್ದ ಫ್ಯಾನನ್ನು ನೋಡಿದರು, ನೆಲ ಮುಟ್ಟಿ ನೋಡಿದರು, ಆಮೇಲೆ ಅಲ್ಲೇ ಕೂತರು. ಈಗ ತೊಟ್ಟಿಲ ಪಕ್ಕ ಗೊರಕೆ ಹೊಡೆಯುತ್ತಿದ್ದಾರೆ. ತೊಟ್ಟಿಲಲ್ಲಿ ಮಗಳೂ ನಿದ್ದೆಯಲ್ಲಿದ್ದಾಳೆ. ತಾವು ಎದ್ದ ಮೇಲೆ ತಮ್ಮ ಚಾವಣಿಗೂ ಸುಣ್ಣ ಬಳಿಯಬೇಕೆಂದು, ಮಲಗುವ ಮೊದಲೇ ಶರಣಮ್ಮ ನನಗೆ ಹುಕುಂ ಮಾಡಿದ್ದಾರೆ.

ಒಂದೇ ಚಿಂತೆ ಉಳಿದಿದೆ: ಮಳೆ ಬಂದರೆ ಸುಣ್ಣ ತೊಳೆದುಹೋಗುತ್ತದೆ. ಅದು ನಿಲ್ಲಲು ಏನು ಬೆರೆಸಬೇಕೆಂದು ಬಲ್ಲವರು ದಯವಿಟ್ಟು ಒಂದು ಕಾರ್ಡು ಬರೆಯಿರಿ. ಬೆಲ್ಲ ಮಾತ್ರ ಹೇಳಬೇಡಿ. ಇರುವೆ ಬಂದರೆ, ಅವನ್ನೂ ನನಗೇ ಕರಿದು ಕೊಡುತ್ತಾರೆ.