ಕಲ್ಲುಸಕ್ಕರೆ ಕರಗುವ ತನಕ

ಕೂಸುಗಳ ವಿಷಯದಲ್ಲಿ ನನ್ನಷ್ಟು ಅನುಭವವಿರುವ ಗಂಡಸು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕು ಹುಡುಕಿದರೂ ಸಿಗುವುದಿಲ್ಲ ಎಂದು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ ನೀಲವ್ವ ಅಡುಗೆಮನೆಯಿಂದಲೇ ಒಂದು ನಗೆ ನಗುತ್ತಾಳೆ. ಆ ನಗೆಗೆ ಕಾರಣವಿದೆ. ನಮ್ಮ ಮಗಳು ಪ್ರೇಮಾಳನ್ನು ನಾನು ಮೊದಲು ಎತ್ತಿಕೊಂಡದ್ದು ಅವಳ ಕುತ್ತಿಗೆ ನಿಂತ ಮೇಲೆ. ಅದಕ್ಕೂ ಮೊದಲು ಯಾರಾದರೂ ಕೂಸನ್ನು ಕೈಗೆ ಕೊಡಲು ಬಂದರೆ ನನಗೆ ತಟ್ಟನೆ ಪೇಟೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಆದರೂ ನನ್ನ ಮಾತು ಸುಳ್ಳಲ್ಲ. ಮೂವತ್ತು ವರ್ಷ ಇದೇ ನಾಲ್ಕು ಊರುಗಳ ನಡುವೆ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು ನಾನು. ಸಂತೆಯ ದಿನ ಬಸ್ಸು ಹತ್ತುವ ಹೆಣ್ಣುಮಕ್ಕಳು ಮೊದಲು ಕೂಸನ್ನು ಒಳಗೆ ದಾಟಿಸುತ್ತಾರೆ, ಆಮೇಲೆ ಗಂಟು, ಕೊನೆಗೆ ತಾವು. ಹಾಗೆ ದಾಟಿ ಬಂದ ಕೂಸನ್ನು ಹಿಡಿಯಲು ಬಾಗಿಲಲ್ಲಿ ಇರುವವನು ಒಬ್ಬನೇ. ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಚರ್ಮದ ಚೀಲ, ಬಾಯಲ್ಲಿ ಸೀಟಿ, ಹೀಗೆ ನಾನು ಬಂಕಾಪುರದ ತಿರುವು ದಾಟಿದ್ದೇನೆ. ಇಳಿಯುವಾಗ "ಕೂಸಿಂದೂ ಟಿಕೆಟ್ ತಗೀಬೇಕ್ರಿ, ಮೈಯೆಲ್ಲಾ ಕೈಕಾಲು ಮಾಡ್ಕೊಂಡು ಎರಡು ಸೀಟು ಹಿಡದೈತಿ" ಎಂದು ಹೇಳಿ ಎಷ್ಟೋ ತಾಯಂದಿರನ್ನು ಗಾಬರಿಗೊಳಿಸಿದ್ದೇನೆ. ಆ ಗಾಬರಿಗೇ ನೀವು ಅರ್ಧ ಪುಣ್ಯ ಕಳೆದುಕೊಂಡಿದ್ದೀರಿ ಎನ್ನುತ್ತಾಳೆ ನೀಲವ್ವ.

ಆ ಬಸ್ಸಿನಲ್ಲಿ ಮಾಡಿದ ಒಂದು ಸಂಶೋಧನೆಯನ್ನು ಹೊಸ ತಂದೆತಾಯಿಯರಿಗೆ ಪುಕ್ಕಟೆ ಹೇಳುತ್ತೇನೆ. ಕೂಸು ಅಳುವುದು ಬಸ್ಸು ನಿಂತಾಗ. ಎಂಜಿನ್ನು ಗುರುಗುಟ್ಟಿದರೆ ಮಲಗುತ್ತದೆ. ಇದನ್ನು ಮೊಮ್ಮಗಳ ಮೇಲೆ ಪ್ರಯೋಗ ಮಾಡಿದೆ. ಹೆಗಲ ಮೇಲೆ ಹಾಕಿಕೊಂಡು, ಗಂಟಲಲ್ಲಿ ಗುರ್ ಎನ್ನುತ್ತ ಪಡಸಾಲೆಯಲ್ಲಿ ಗೇರು ಬದಲಿಸುತ್ತ ತಿರುಗಿದರೆ ಕೂಸು ಕಣ್ಣು ಮುಚ್ಚುತ್ತಿತ್ತು. ತೊಂದರೆ ಎಂದರೆ ನಾನು ಉಸಿರು ತೆಗೆದುಕೊಳ್ಳಲು ನಿಂತರೆ ಯಾವುದೋ ಸ್ಟಾಪು ಬಂತು ಎಂದು ತಿಳಿದು ಎಚ್ಚರವಾಗುತ್ತಿತ್ತು. ಹಿರೇಕೆರೂರಿನ ಹತ್ತಿರದ ಅಬಲೂರಿನ ಗುಡಿಯ ಶಾಸನದ ಕಲ್ಲುಗಳ ಮೇಲೆ ಯಾರು ಯಾರಿಗೆ ಎಷ್ಟು ಭೂಮಿ ಬಿಟ್ಟರು ಎಂಬುದೆಲ್ಲ ಇದೆಯಂತೆ. ಅಷ್ಟು ಕಲ್ಲು ಕೆತ್ತಿಸಿದ ಅರಸರಲ್ಲಿ ಒಬ್ಬನಾದರೂ ಅಳುವ ಕೂಸನ್ನು ಮಲಗಿಸುವುದು ಹೇಗೆ ಎಂದು ಎರಡು ಸಾಲು ಬರೆಸಬಾರದಿತ್ತೆ? ಭೂಮಿ ಕೈ ಬದಲಾಯಿತು, ಗುಡಿಯ ಮೂಲೆ ಮುರಿಯಿತು, ಅಳು ಮಾತ್ರ ಅಂದಿನಂತೆಯೇ ಇದೆ.

ಇರಲಿ. ಪ್ರೇಮಾಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನಕ್ಕೆ ಹಾನಗಲ್ಲಿಗೆ, ನಮ್ಮ ಮನೆಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಹದಿನೈದನೆಯ ದಿನ ದವಾಖಾನೆಗೆ ಕರೆದುಕೊಂಡು ಹೋದಾಗ ಸಿಸ್ಟರು ತೂಕ ಮಾಡಿ, ಹುಟ್ಟಿದಾಗಿನ ತೂಕಕ್ಕೆ ಈಗಷ್ಟೇ ಬಂದು ಮುಟ್ಟಿದೆ, ಗಾಬರಿ ಬೇಡ, ಹತ್ತು ದಿನ ಬಿಟ್ಟು ಮತ್ತೆ ಬನ್ನಿ ಎಂದರು. ಕೂಸನ್ನು ಎದೆಗೆ ಹೇಗೆ ಹಿಡಿಯಬೇಕು, ಬಾಯಿ ಎಷ್ಟು ಅಗಲ ತೆರೆಸಬೇಕು ಎಂದು ಪ್ರೇಮಾಳಿಗೆ ಕೂತು ತೋರಿಸಿದರು. ಕೂಸು ಕೇಳಿದಾಗಲೆಲ್ಲ ಕುಡಿಸು. ಜೇನುತುಪ್ಪ ಬೇಡ, ಬೇರು ತೇಯ್ದ ಗುಟ್ಟಿ ಬೇಡ, ನೀರೂ ಬೇಡ. ಹಾಲು ಸಾಲುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತವೆ ನೋಡು, ಆರಕ್ಕೆ ಕಡಿಮೆಯಾದರೆ ಕಾಯಬೇಡ, ತಕ್ಷಣ ಬಾ ಎಂದರು.

ಬಟ್ಟೆ ಎಣಿಸುವ ಕೆಲಸ ನಾನು ವಹಿಸಿಕೊಂಡೆ. ತುಂಬಿದ ಬಸ್ಸಿನಲ್ಲಿ ತಲೆ ಎಣಿಸಿದವನಿಗೆ ಹಗ್ಗದ ಮೇಲಿನ ತುಂಡುಬಟ್ಟೆ ಏನು ಲೆಕ್ಕ? ಪ್ರತಿ ಸಂಜೆ ಏಳೋ ಎಂಟೋ ಇರುತ್ತಿದ್ದವು. ನಾನು ಎದೆ ಉಬ್ಬಿಸಿ ಘೋಷಿಸುತ್ತಿದ್ದೆ.

ಆದರೆ ಕೂಸು ನೋಡಲು ಬರುವವರು ಹಗ್ಗದ ಕಡೆ ಹೋಗುವುದಿಲ್ಲ, ತೊಟ್ಟಿಲ ಕಡೆ ಬರುತ್ತಾರೆ. ಬಂದವರು ಬರಿಗೈಲಿ ಬರುವುದಿಲ್ಲ. ಕೈಯಲ್ಲಿ ಕುಂಚಿಗೆ, ಬಾಯಲ್ಲಿ ಸಲಹೆ. ಒಬ್ಬರು ಬದನೆಕಾಯಿ ಬಿಡು ಎಂದರು. ಇನ್ನೊಬ್ಬರು ಬಜೆ ತೇಯ್ದು ನೆಕ್ಕಿಸು ಎಂದರು. ಓಣಿಯಲ್ಲಿ ಕತ್ತೆ ಹೊಡೆದುಕೊಂಡು ಬಂದವನನ್ನು ನಿಲ್ಲಿಸಿ ಕತ್ತೆಯ ಹಾಲು ಒಂದು ಒಳಲೆ ಹಾಕಿಸಿ, ಧ್ವನಿ ಗಟ್ಟಿಯಾಗುತ್ತದೆ ಎಂದರು ಮತ್ತೊಬ್ಬರು. ನಮ್ಮ ಕೂಸಿನ ಧ್ವನಿ ಆಗಲೇ ಬಂಕಾಪುರದ ನವಿಲುಗಳಿಗೆ ಪಾಠ ಹೇಳುವಷ್ಟಿತ್ತು. ಎಲ್ಲರಿಗಿಂತ ಮುಂದೆ ನೀಲವ್ವನ ಅಕ್ಕ, ಶಿಗ್ಗಾಂವಿಯ ಗಂಗಕ್ಕ. ಅವಳು ಕೂಸಿನ ಕಾಲು ಎತ್ತಿ ನೋಡಿ, ಇದು ಕಾಲೋ ನುಗ್ಗೆಕಾಯೋ ಎಂದು ಕೇಳಿ, ಪ್ರೇಮಾಳ ಹಾಲು ತೆಳ್ಳಗಿದೆ ಎಂದು ತೀರ್ಪು ಕೊಟ್ಟಳು. ಹೇಗೆ ಗೊತ್ತಾಯಿತು ಎಂದರೆ ಮುಖ ನೋಡಿದರೆ ಗೊತ್ತಾಗುತ್ತದಂತೆ.

ಈ ತೀರ್ಪು ಹಿರೇಕೆರೂರು ಮುಟ್ಟಿತು. ಪ್ರೇಮಾಳ ಅತ್ತೆ, ಅಂದರೆ ನಮ್ಮ ಬೀಗತಿ, ಫೋನು ಮಾಡಿದರು. ಬರುವ ಸೋಮವಾರ ತಾವೇ ಬರುತ್ತಾರಂತೆ. ಕೂಸು ಮೈ ಹಿಡಿದಿರದಿದ್ದರೆ ಬಾಣಂತನದ ಐದು ತಿಂಗಳು ಮುಗಿಯುವ ತನಕ ಕಾಯುವುದಿಲ್ಲ, ಅವತ್ತೇ ಇಬ್ಬರನ್ನೂ ಕರೆದುಕೊಂಡು ಹೋಗುತ್ತಾರಂತೆ; ಮನೆಯಲ್ಲಿ ಎಮ್ಮೆಯ ಹೈನವಿದೆ, ಬಾಟಲಿ ಕೊಂಡಿಟ್ಟಾಗಿದೆ.

ಅವತ್ತು ಮಧ್ಯಾಹ್ನ ಕೋಣೆಯೊಳಗೆ ಹೋದೆ. ಪ್ರೇಮಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಕೂಸು ತೊಡೆಯ ಮೇಲೆ ಬಾಯಿ ಚಪ್ಪರಿಸುತ್ತಿತ್ತು, ಆದರೂ ಎತ್ತಿಕೊಂಡಿರಲಿಲ್ಲ.

"ಅಪ್ಪಾ, ನನಗ ಹಾಲ ಇಲ್ಲೇನೋ ಅನಸಾಕತ್ತೈತಿ. ಇಷ್ಟ ಮಂದಿ ಹೇಳ್ತಾರ."

"ಹಗ್ಗದ ಮ್ಯಾಲ ಎಂಟು ಬಟ್ಟಿ ಅದಾವ. ಅವು ಏನ್ ಹೇಳ್ತಾವ?"

ಅವಳು ನಗಲಿಲ್ಲ. ಕೂಸನ್ನು ಎತ್ತಿ ಎದೆಗೆ ಹಿಡಿದಳು. "ನಾ ಬಿಡಂಗಿಲ್ಲ. ಸಿಸ್ಟರ್ ಹೇಳಿದಂಗ ಕುಡಸ್ತೇನಿ. ಆದರ ಇವರು ಬಾಜೂಕ ಕುಂತು ಮಾತಾಡೂದು ಬಿಡಸು. ಕೂಸಿನ ಮಾರಿ ನೋಡೂದು ಬಿಟ್ಟು ಇವರ ಮಾರಿ ನೋಡಾಕತ್ತೇನಿ."

ಮಗಳು ಹಠಕ್ಕೆ ಬಿದ್ದ ಮೇಲೆ ಅಪ್ಪ ಸುಮ್ಮನಿರಲು ಆಗುತ್ತದೆಯೇ? ಆದರೆ ಕೂಸು ನೋಡಲು ಬಂದವರಿಗೆ ಬಾಯಿ ಮುಚ್ಚಿ ಎನ್ನುವ ಹಾಗಿಲ್ಲ. ನೆಂಟಸ್ತನ ಏಳು ತಲೆಮಾರು ಕೆಡುತ್ತದೆ. ನಮ್ಮ ಜನ ವಿನಂತಿಗೆ ಬಗ್ಗುವವರಲ್ಲ, ಗದರಿಕೆಗೆ ಬಗ್ಗುವವರಲ್ಲ. ಪದ್ಧತಿ ಎಂದರೆ ಮಾತ್ರ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ನಾನು ಪೇಟೆಗೆ ಹೋಗಿ ಕಲ್ಲುಸಕ್ಕರೆ ತಂದೆ. ಅಂಗಡಿಯವನ ಡಬ್ಬಿಗೆ ಕೈ ಹಾಕಿ ಗೋಲಿಗಿಂತ ದಪ್ಪನೆಯ ತುಂಡುಗಳನ್ನೇ ಆರಿಸಿದೆ.

ಮರುದಿನ ಬಂದ ಗಂಗಕ್ಕನನ್ನು ಹೊಸ್ತಿಲಲ್ಲೇ ತಡೆದು, ಮುಖ ಗಂಭೀರ ಮಾಡಿ, ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ, ಇಷ್ಟು ದಿನ ಮರೆತಿದ್ದೆವು, ಅದಕ್ಕೇ ಕೂಸು ಮೈ ಹಿಡಿಯುತ್ತಿಲ್ಲ ಎಂದೆ. ತೊಟ್ಟಿಲ ಮುಂದೆ ಕೂರುವವರು ಒಂದು ತುಂಡು ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಳ್ಳಬೇಕು. ಅದು ತಾನಾಗಿ ಕರಗುವ ತನಕ ಮಾತಾಡಬಾರದು. "ಮತ್ತ ಕಡೀಬಾರದ್ರಿ ಗಂಗಕ್ಕ. ಕಡದ್ರ ಕೂಸಿಗೆ ಹಲ್ಲು ತಡಾ ಆಗಿ ಬರ್ತಾವ." ಹಲ್ಲಿನ ಮಾತು ಆ ಕ್ಷಣಕ್ಕೆ ಹೊಳೆದದ್ದು. ನನ್ನ ಬುದ್ಧಿಗೆ ನಾನೇ ಕೈ ಮುಗಿದೆ.

ಗಂಗಕ್ಕ ಒಂದು ತುಂಡು ಬಾಯಿಗಿಟ್ಟುಕೊಂಡು ಕೂತಳು. ಕೆನ್ನೆ ಒಂದು ಕಡೆ ಉಬ್ಬಿತು. ಎರಡು ಸಲ ಕೈ ಎತ್ತಿ ಏನೋ ಹೇಳಲು ಹೋದವಳು ಹಲ್ಲಿನ ನೆನಪಾಗಿ ಕೈ ಇಳಿಸಿದಳು. ಅವಳ ಅರವತ್ತು ವರ್ಷದ ಆಯುಷ್ಯದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಪ್ರೇಮಾ ಕೂಸಿನ ಮುಖ ನೋಡುತ್ತ ನಿರಾಳವಾಗಿ ಕುಡಿಸಿದಳು. ಸಕ್ಕರೆ ಕರಗುವ ಹೊತ್ತಿಗೆ ಸರಿಯಾಗಿ ನೀಲವ್ವ ಕುಂಕುಮದ ಬಟ್ಟಲು ಹಿಡಿದು ಬಂದು ನಿಂತಳು. ಕುಂಕುಮ ಹಚ್ಚಿದ ಮೇಲೆ ಮುತ್ತೈದೆ ಮತ್ತೆ ಕೂರುವ ಹಾಗಿಲ್ಲ, ಹೊರಡಲೇಬೇಕು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಲವತ್ತು ವರ್ಷ ನನ್ನ ಜೊತೆ ಬಾಳಿದವಳಿಗೆ ಇಷ್ಟಾದರೂ ಬರದಿದ್ದರೆ ಹೇಗೆ?

ಆ ವಾರವಿಡೀ ನಮ್ಮ ಮನೆ ದವಾಖಾನೆಯ ಎಕ್ಸ್‌ರೇ ಕೋಣೆಯಂತೆ ಶಾಂತವಾಗಿತ್ತು. ಸವಣೂರಿನಿಂದ ಬಂದು ನಮ್ಮ ಪಕ್ಕದಲ್ಲೇ ನೆಲೆಸಿರುವ ಖೈರುಂಬಿಗೆ ಸಕ್ಕರೆ ಕಾಯಿಲೆ. ಆಕೆಗೆ ಏಲಕ್ಕಿ ಕೊಟ್ಟೆ. ಆಕೆ ನನ್ನನ್ನು ಒಂದು ಸಲ ನೋಡಿ, "ಕಾಕಾ, ನಿಮ್ಮ ಕಿತಾಪತಿ ನನಗ ತಿಳೀತದ" ಎಂದು ಮೆಲ್ಲಗೆ ಹೇಳಿ ಏಲಕ್ಕಿ ಬಾಯಿಗೆ ಹಾಕಿಕೊಂಡಳು. ಆಕೆಯೊಬ್ಬಳೇ ನನ್ನನ್ನು ಹಿಡಿದವಳು. ಯಾರಿಗೂ ಹೇಳಲಿಲ್ಲ. ದಿನಾ ಬಂದು ಸುಮ್ಮನೆ ಕೂತು, ಒಣಗಿದ ಬಟ್ಟೆ ಮಡಚಿಟ್ಟು ಹೋಗುತ್ತಿದ್ದಳು. ಬಾಣಂತಿ ನೋಡಲು ಹೋಗುವವರೆಲ್ಲ ಬಟ್ಟೆ ಮಡಚಿಟ್ಟ ಈ ಮಾತನ್ನು ಚೆನ್ನಾಗಿ ಓದಿಕೊಳ್ಳಬೇಕು.

ಸೋಮವಾರ ಬಂತು. ಬೀಗತಿ ಬೆಳಗಿನ ಬಸ್ಸಿಗೇ ಬಂದಿಳಿದರು. ಕೈಚೀಲದೊಳಗೆ ಬಾಟಲಿಯ ಮುಚ್ಚಳ ಇಣುಕುತ್ತಿತ್ತು. ಗಂಡನ ಮನೆಯ ಹಿರಿಯರಿಗೆ ಸಕ್ಕರೆ ತುರುಕಿ ಕೂರಿಸುವ ಧೈರ್ಯ ನನ್ನಂಥವನಿಗೂ ಬರಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದೆ. ಅವರೇ ಕಾಲು ತೊಳೆದು ಬಂದು ಸೆರಗಿನ ಗಂಟು ಬಿಚ್ಚಿ ಕಲ್ಲುಸಕ್ಕರೆ ತೆಗೆದರು.

"ಗಂಡನ ಮನಿಯೋರು ತಾವ ತರಬೇಕಂತ ಬೀಗರ. ನನ್ನ ತವರಮನಿ ಚಿಕ್ಕೇರೂರಾಗ ಮೊದಲಿಂದನೂ ಹಿಂಗ ಮಾಡ್ತಾರ. ನಮ್ಮ ಮುತ್ತಜ್ಜಿ ಕಾಲದಿಂದ."

ಆರು ದಿನದ ಹಿಂದೆ ನಾನು ಹುಟ್ಟಿಸಿದ ಪದ್ಧತಿಗೆ ಚಿಕ್ಕೇರೂರಿನಲ್ಲಿ ನನಗಿಂತ ಹೆಚ್ಚು ವಯಸ್ಸಾಗಿತ್ತು. ಗಂಗಕ್ಕ ಶಿಗ್ಗಾಂವಿಯಲ್ಲಿ ಹೇಳಿದ್ದಾಳೆ, ಶಿಗ್ಗಾಂವಿಯವರು ಬಸ್ಸಿನಲ್ಲಿ ಹೇಳಿದ್ದಾರೆ, ಟಿಕೆಟ್ಟಿಲ್ಲದೆ ಅದು ಹಿರೇಕೆರೂರು ದಾಟಿದೆ. ಇಂಥ ಪ್ರಯಾಣಿಕರನ್ನು ನಾನು ಸರ್ವಿಸ್ಸಿನಲ್ಲಿದ್ದಾಗಲೂ ಹಿಡಿಯಲಾಗಲಿಲ್ಲ.

ಬೀಗತಿ ತೊಟ್ಟಿಲ ಪಕ್ಕ ಕೂತರು. ಅವರು ತಂದದ್ದು ನಾನು ಆರಿಸಿದ್ದಕ್ಕಿಂತ ದೊಡ್ಡ ತುಂಡು. ಪ್ರೇಮಾ ಅವರತ್ತ ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿ, ಸಿಸ್ಟರು ತೋರಿಸಿದ ಹಾಗೆ ಕೂಸನ್ನು ಹತ್ತಿರ ತಂದಳು. ಕೂಸು ಬಾಯಿ ಅಗಲಿಸಿ ಹಿಡಿಯಿತು. ನಾನು ಹೊರಗೆ ಬಂದು ಬಾಗಿಲ ಮರೆಯಲ್ಲಿ ನಿಂತೆ. ಒಳಗೆ ಸಪ್ಪಳವಿಲ್ಲ. ಓಣಿಯಲ್ಲಿ ಒಂದು ಗಾಡಿ ಹೋಯಿತು, ಆಮೇಲೆ ಅದೂ ಇಲ್ಲ. ಬೀಗತಿಯ ಬಾಯಿಂದ ಬರುವ ಮೊದಲ ಮಾತು ತಿರುಗಿ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂಬುದೇ ಆದರೆ ಮಗಳು ಇವತ್ತೇ ಹೊರಡಬೇಕು.

ಬಹಳ ಹೊತ್ತಾಯಿತು. ಕೊನೆಗೆ ಬೀಗತಿಯ ಧ್ವನಿ ಕೇಳಿತು.

"ನುಂಗೂ ಸಪ್ಪಳ ಕೇಳಾಕತ್ತೈತಿ, ನೀಲವ್ವ. ಗುಟುಕ್ ಗುಟುಕ್ ಅಂತೈತಿ."

ಆಮೇಲೆ ಸೊಸೆಗೆ ಎನ್ನುವುದಕ್ಕಿಂತ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು. "ನನ್ನ ಮಗಾ ಸಣ್ಣಾವ ಇದ್ದಾಗ ಮನಿ ತುಂಬ ಮಂದಿ. ಹಾಲಿಲ್ಲ ಹಾಲಿಲ್ಲ ಅಂದ್ರು, ನಾನೂ ಹೂಂ ಅಂದ್ನಿ. ಈ ಸಪ್ಪಳ ನಾ ಕೇಳಿರ್ಲೇ ಇಲ್ಲವ್ವಾ."

ಕೈಚೀಲದ ಬಾಯಿಯನ್ನು ಮಡಚಿ ಮೂಲೆಗೆ ಸರಿಸಿದರು. ಬಾಟಲಿಯ ಮಾತು ಆಮೇಲೆ ಎತ್ತಲಿಲ್ಲ. ಸಂಜೆ ಹಗ್ಗದ ಬಳಿ ನಾನು ಎಣಿಸುವಾಗ ಅವರೂ ಬಂದು ನಿಂತು ಒಂದು ಬಟ್ಟೆ ಹೆಚ್ಚು ಎಣಿಸಿದರು. ನಾನು ತಕರಾರು ಮಾಡಲಿಲ್ಲ.

ಮರುದಿನ ಎಲ್ಲರೂ ದವಾಖಾನೆಗೆ ಹೋದೆವು. ತೂಕದ ಬುಟ್ಟಿಯಲ್ಲಿ ಕೂಸು ಕಾಲು ಝಾಡಿಸುತ್ತಿದ್ದಾಗ ಪ್ರೇಮಾ ಸಿಸ್ಟರ ಮುಖವನ್ನೇ ನೋಡುತ್ತಿದ್ದಳು. ಸಿಸ್ಟರು ಕಾರ್ಡಿನಲ್ಲಿ ಬರೆದು, ಚೆನ್ನಾಗಿ ಏರಿದೆ, ಮಾಡುತ್ತಿರುವುದನ್ನೇ ಮಾಡು ಎಂದರು. ಪ್ರೇಮಾ ಬೆಂಚಿನ ಮೇಲೆ ಬಂದು ಕೂತು ಒಂದು ದೊಡ್ಡ ಉಸಿರು ಬಿಟ್ಟಳು, ಹತ್ತು ದಿನದ ಉಸಿರು.

ಇನ್ನು ಯಶಸ್ಸಿನ ಕಥೆ ಹೇಳುವವನು ನಾನೇ. ಕೇಳುವವರನ್ನು ಹುಡುಕಿದೆ. ಬೆಂಚಿನ ಆ ತುದಿಯಲ್ಲಿ ಒಬ್ಬ ಎಳೆಯ ಬಾಣಂತಿ ಕೂತಿದ್ದಳು, ನಮ್ಮ ಕೂಸಿಗಿಂತ ಸಣ್ಣ ಕೂಸು. ಅವಳ ಎರಡೂ ಪಕ್ಕ ಇಬ್ಬರು ಹಿರಿಯ ಹೆಂಗಸರು ಒಬ್ಬರ ಮೇಲೊಬ್ಬರು ಅವಳ ಹಾಲಿನ ಬಗ್ಗೆ ಮಾತಾಡುತ್ತಿದ್ದರು. ಅವಳು ನೆಲ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ಬಸ್ಸಿನಲ್ಲಿ ಕಲಿತದ್ದು, ಬಟ್ಟೆ ಎಣಿಸುವುದು, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ನನಗಿಂತ ಮೊದಲು ಪ್ರೇಮಾ ಅವಳ ಕಡೆ ಬಾಗಿದಳು.

"ನೀ ಏನರ ಉಂಡಿಯೇನವಾ?"

ಆ ಹುಡುಗಿ ತಲೆ ಎತ್ತಿದಳು. ಇಷ್ಟು ದಿನ ಯಾರೂ ತನ್ನನ್ನು ಕೇಳಿರದ ಪ್ರಶ್ನೆಯನ್ನು ಮೊದಲ ಸಲ ಕೇಳಿಸಿಕೊಂಡವಳ ಮುಖ ಅದು. ಇಲ್ಲ ಎಂದು ತಲೆ ಆಡಿಸುವಷ್ಟರಲ್ಲಿ ಕಣ್ಣು ತುಂಬಿತು. ಪಕ್ಕದ ಇಬ್ಬರೂ ಮಾತು ನಿಲ್ಲಿಸಿದರು.

ನನಗೂ ಆಗಲೇ ಹೊಳೆದದ್ದು, ಹತ್ತು ದಿನ ನಾನು ಹಗ್ಗದ ಮೇಲಿನ ಬಟ್ಟೆ ಎಣಿಸಿದ್ದೆ, ಮಗಳ ತಟ್ಟೆಯ ಕಡೆ ಒಂದು ದಿನವೂ ನೋಡಿರಲಿಲ್ಲ. ಹೇಳಬೇಕೆಂದಿದ್ದನ್ನೆಲ್ಲ ನುಂಗಿಕೊಂಡು ಎದ್ದೆ. ರಸ್ತೆಯಾಚೆಯ ಖಾನಾವಳಿಯಿಂದ ಬಿಸಿ ಉಪ್ಪಿಟ್ಟು ಮೂರು ಪ್ಲೇಟು ತಂದೆ, ಆ ಹುಡುಗಿಗೊಂದು, ಪ್ರೇಮಾಳಿಗೊಂದು, ನನಗೊಂದು. ನನ್ನದನ್ನೂ ಪ್ರೇಮಾಳೇ ತಿಂದಳು.