ಮೇಸ್ತ್ರಿ ಮಾಡಿದ ಪುಟ ತಿರುಗಿಸುವ ಯಂತ್ರ

ಮೂವತ್ತೆರಡು ವರ್ಷ ಮಗ್ಗದ ಕಾರ್ಖಾನೆಯಲ್ಲಿ ರಿಪೇರಿ ಮಾಡಿದ ಮೇಸ್ತ್ರಿಗೆ ಒಂದು ಅಭ್ಯಾಸ. ಯಾವ ಯಂತ್ರ ಸಿಗಲಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ನಿಂತುಬಿಡುವುದು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಒಂದೇ ಒಂದರ ನರಳಾಟ ಕೇಳಿಸಿಕೊಳ್ಳಲು ಬೇರೆ ದಾರಿಯಾದರೂ ಎಲ್ಲಿ? ಬೇರಿಂಗ್ ಸವೆದಿದೆಯೋ, ಗೇರಿನ ಹಲ್ಲು ಮುರಿದಿದೆಯೋ, ನಿಂತ ನಿಲುವಿನಲ್ಲೇ ಹೇಳಿಬಿಡುತ್ತಿದ್ದರು. ತಮ್ಮ ಕಿವಿಯ ಬಗ್ಗೆ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ.

ಕೆಲಸದಿಂದ ನಿವೃತ್ತರಾದ ಮೇಲೆ ಅವರ ಗಮನವೆಲ್ಲ ಅಕ್ಕನ ಮೇಲೆ. ಅಕ್ಕ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಊಟ ಬಿಟ್ಟಾರು, ಪುಸ್ತಕ ಬಿಡುವವರಲ್ಲ. ಹಾಳು ಕೀಲುವಾತ ಅವರ ಹತ್ತೂ ಬೆರಳನ್ನು ಸೊಟ್ಟ ಮಾಡಿ, ಒಂದು ಹಾಳೆ ಮಗುಚಲೂ ಬಾರದಂತೆ ಮಾಡಿತ್ತು. ಪುಟಕ್ಕೊಮ್ಮೆ ಮನೆಯವರನ್ನು ಕೂಗಬೇಕು. ಕೂಗಿ ಕೂಗಿ ಸಂಕೋಚವಾಗಿ, ಕೊನೆಗೆ ಓದುವುದನ್ನೇ ಬಿಟ್ಟು ಹಿಂದಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂತರು. ಅದನ್ನು ನೋಡಲಾರದೆ ಮೇಸ್ತ್ರಿ, ಪುಟ ತಿರುಗಿಸುವ ಯಂತ್ರ ಮಾಡಿಯೇ ಸೈ ಎಂದು ಹಟ ಹಿಡಿದರು.

ಮರದ ಹಲಗೆ, ರಬ್ಬರ್ ಉರುಳೆ, ಮೊಣಕೈಯಿಂದ ಒತ್ತುವ ದೊಡ್ಡ ಗುಂಡಿ, ಒಂದು ಸ್ಟೆಪ್ಪರ್ ಮೋಟಾರು. ಈ ಮೋಟಾರು ಫ್ಯಾನಿನ ಹಾಗೆ ಗಿರಗಿರ ಸುತ್ತುವುದಲ್ಲ. ಎಣಿಸಿದಷ್ಟು ಹೆಜ್ಜೆ ಇಟ್ಟು ಗಪ್ಪನೆ ನಿಲ್ಲುತ್ತದೆ. ಹೆಜ್ಜೆಗೆ ತಕ್ಕಂತೆ ಅದಕ್ಕೆ ಕರೆಂಟು ಹಂಚಲು ಒಂದು ಚಿಪ್ ಬೇಕು. ಅದನ್ನು ಆರಿಸುವುದರಲ್ಲೇ ಎಡವಟ್ಟಾಯಿತು. ಬಿಡಿಭಾಗದ ಅಂಗಡಿಯಾಕೆ ಎರಡು ತೋರಿಸಿದಳು: ಒಂದು ಭಾರೀ ಕರೆಂಟು ತಡೆಯುವಂಥದ್ದು, ಇನ್ನೊಂದರ ಬಲ ಕಡಿಮೆ, ಆದರೆ ಅದು ಓಡಿಸುವ ಮೋಟಾರಿನ ಸದ್ದೂ ಕಡಿಮೆ. ಕೋಣೆಯೊಳಗೆ ಇಡುವುದಾದರೆ ಎರಡನೆಯದೇ ವಾಸಿ ಎಂದಳು. ಮೇಸ್ತ್ರಿ ಮೊದಲನೆಯದನ್ನು ಓಡಿಸಲು ಹೇಳಿ, ಮೋಟಾರಿಗೆ ಸ್ಕ್ರೂಡ್ರೈವರ್ ಆನಿಸಿ ಕೇಳಿ, ಸದ್ದು ಎಲ್ಲಿದೆಯಮ್ಮ ಎಂದು ನಕ್ಕು, ಬಲವಾದದ್ದನ್ನೇ ಜೇಬಿಗೆ ಇಳಿಸಿಕೊಂಡು ಬಂದರು.

ಯಂತ್ರ ಮೊದಲ ದಿನವೇ ಪುಟ ತಿರುಗಿಸಿತು. ಅಕ್ಕನೂ ಚೆನ್ನಾಗಿದೆ ಎಂದರು. ಆದರೆ ಹದಿನೈದು ದಿನ ಕಳೆದರೂ ಪುಸ್ತಕ ಹನ್ನೆರಡನೇ ಪುಟ ದಾಟಲಿಲ್ಲ. ಕೇಳಿದರೆ ಒಂದು ದಿನ ಕಣ್ಣುರಿ, ಇನ್ನೊಂದು ದಿನ ತಲೆಭಾರ. ಅಕ್ಕನಿಗೆ ಓದಿನ ಆಸೆಯೇ ಬತ್ತಿಹೋಯಿತೇನೋ ಎಂದು ಮೇಸ್ತ್ರಿಗೆ ಒಳಗೊಳಗೇ ದಿಗಿಲಾಯಿತು.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಕೋಣೆಗೆ ಹೋದರೆ, ಅಕ್ಕ ಎರಡೂ ಅಂಗೈಯಲ್ಲಿ ಕಿವಿ ಮುಚ್ಚಿಕೊಂಡು, ಮುಂದಕ್ಕೆ ಬಾಗಿ ಮೊಣಕೈಯಿಂದ ಗುಂಡಿ ಒತ್ತಲು ಹೆಣಗುತ್ತಿದ್ದರು. ತಮ್ಮನನ್ನು ಕಂಡು ಕೈ ಇಳಿಸಿದರು. ಏನಕ್ಕ ಇದು ಎಂದರೆ, ತಲೆಭಾರ ಕಣೋ ಎಂದರು. ಮೇಸ್ತ್ರಿ ಮೋಟಾರಿಗೆ ಸ್ಕ್ರೂಡ್ರೈವರ್ ಆನಿಸಿದರು. ಏನೂ ಕೇಳಲಿಲ್ಲ. ಅನುಮಾನ ಬಂದು ಪ್ಲಗ್ಗು ಕಿತ್ತರು. ಅಕ್ಕನ ಹುಬ್ಬಿನ ಗಂಟು ಸಡಿಲವಾಯಿತು. ಮತ್ತೆ ಸಿಕ್ಕಿಸಿದರು, ಗಂಟು ಬಿತ್ತು. ಹೀಗೆ ಮೂರು ಸಲ.

“ಸಾಕು ಬಿಡೋ,” ಎಂದರು ಅಕ್ಕ. “ಸೊಳ್ಳೆ ಕಿವಿಯೊಳಗೇ ಕೂತು ಹಾಡಿದ ಹಾಗಿರುತ್ತೆ. ಮೋಟಾರು ಸುಮ್ನೆ ನಿಂತಿದ್ರೂ ಕೀಂ ಅನ್ನುತ್ತೆ. ನೀನು ಅಷ್ಟು ಆಸೆಯಿಂದ ಮಾಡಿದ್ದು, ಹೇಗೆ ಹೇಳ್ಲಿ?”

ಮೇಸ್ತ್ರಿ ಬೆಪ್ಪಾದರು. ಆ ಇನ್ನೂರು ಮಗ್ಗಗಳು ತೆಳು ಸದ್ದನ್ನೆಲ್ಲ ಅವರ ಕಿವಿಯಿಂದ ಎಂದೋ ಗುಡಿಸಿಹಾಕಿದ್ದವು. ದಪ್ಪ ಸದ್ದು ಉಳಿದಿದ್ದರಿಂದ ಕಳೆದುಹೋದದ್ದು ಗೊತ್ತೇ ಆಗಿರಲಿಲ್ಲ. ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು, ಅಕ್ಕ ಹದಿನೈದು ದಿನ ಹಲ್ಲುಕಚ್ಚಿ ಸಹಿಸಿದ್ದು.

ಮರುದಿನ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡರು. ಪುಣ್ಯಾತ್ಗಿತ್ತಿ, ಅಂಗಡಿಯಾಕೆ ಮೂಗು ಮುರಿಯಲಿಲ್ಲ. ಆದರೂ ಬಲ ಸಾಲದೆ ಹಾಳೆ ಅರ್ಧಕ್ಕೇ ನಿಂತರೆ ಎಂದು ಇವರದು ಮತ್ತೆ ಅದೇ ರಾಗ.

“ಮೇಸ್ತ್ರಿಗಳೇ, ನೀವು ಎತ್ತಿಸ್ತಿರೋದು ಮಗ್ಗ ಅಲ್ಲ, ಹಾಳೆ,” ಎಂದಳು ಆಕೆ. ಮೋಟಾರು ನಿಂತಾಗ ಕರೆಂಟು ತಗ್ಗಿಸುವ ಚಿಪ್ ಇದೆ, ನಿಧಾನವಾಗಿ ಓಡಿಸಿದರೆ ಅದರ ಬಲವೇ ಧಾರಾಳ ಎಂದು ತಿಳಿಹೇಳಿ, ಬೇರೆಬೇರೆ ಜಾತಿಯ ಮೂರು ಚಿಪ್ ಕೊಟ್ಟು, ಕೇಳಬೇಕಾದವರಿಗೆ ಕೇಳಿಸಿ ನೋಡಿ ಎಂದಳು.

ಸ್ಕ್ರೂಡ್ರೈವರನ್ನು ಡಬ್ಬಿಯಲ್ಲೇ ಬಿಟ್ಟು, ಅಕ್ಕನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೇಸ್ತ್ರಿ ಒಂದೊಂದನ್ನೇ ಹಾಕುತ್ತ ಹೋದರು. ಯಂತ್ರದ ಕಡೆ ನೋಡಲೇ ಇಲ್ಲ. ನೋಡಿದ್ದೆಲ್ಲ ಅಕ್ಕನ ಹುಬ್ಬು. ಮೊದಲನೆಯದಕ್ಕೆ ಅದೇ ಗಂಟು. ಎರಡನೆಯದಕ್ಕೆ ಅರೆಗಂಟು. ಮೂರನೆಯದಕ್ಕೆ ಹಣೆ ನುಣ್ಣಗೇ ಇತ್ತು.

“ಇನ್ನೂ ಹಾಕಿಲ್ವೇನೋ?” ಎಂದು ಅಕ್ಕ ಕಣ್ಣು ತೆರೆದರು. ಹಾಳೆ ಆಗಲೇ ಮಗುಚಿ ಮಲಗಿತ್ತು.

ಎರಡು ದಿನ ಬಿಟ್ಟು, ಉರುಳೆ ಕೊಂಚ ಬಿಗಿ ಮಾಡೋಣವೆಂದು ಮೇಸ್ತ್ರಿ ಬೆಳಿಗ್ಗೆ ಕೋಣೆಗೆ ಬಂದರು. ಅಕ್ಕ ತಲೆ ಎತ್ತಲಿಲ್ಲ. ನೂರಾ ನಲವತ್ತನೇ ಪುಟದಲ್ಲಿದ್ದರು. ಮೇಸ್ತ್ರಿ ಬಗ್ಗಿ ಯಂತ್ರಕ್ಕೆ ಕೈ ಹಾಕಿದ್ದೇ ತಡ, ಅಕ್ಕ ಗದರಿದರು.

“ಈಗ ಬೇಡ, ಆಚೆ ಹೋಗೋ. ಓದ್ತಾ ಇದ್ದೀನಿ, ಕಾಣಲ್ವಾ?”

ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಮೇಸ್ತ್ರಿಯ ಜನ್ಮದಲ್ಲೇ ಇಲ್ಲ. ಆಯ್ತಕ್ಕ ಎಂದು ಹಿಂದೆ ಸರಿದು, ಬಾಗಿಲು ಮೆಲ್ಲಗೆ ಮುಂದೆ ಮಾಡಿಕೊಂಡು ಹೊರಗೆ ಬಂದರು.